ನಾಲ್ಕು ಟನ್ ಪ್ರೆಸ್ಸಿಗೆ ಟೊಮೆಟೊ ಹಗ್ಗ: ವೇಮಗಲ್‌ನಿಂದ ಹೊರಟ ಒಂದು ಲೋಡಿನ ಪ್ರಕರಣ ಅಧ್ಯಯನ

ಫೋನ್ ಬಂದಾಗ ಬೆಳಗಿನ ಜಾವ ಐದೂಕಾಲು. "ಅಮ್ಮಾ, ಏನೂ ಆಗಿಲ್ಲ, ಗಾಬರಿ ಆಗಬೇಡಿ" ಅಂತ ಶುರು ಮಾಡಿದರು ನಮ್ಮ ಡ್ರೈವರಣ್ಣ. ಮಾತು ಹಾಗೆ ಶುರುವಾದರೆ ಏನೋ ಆಗಿದೆ ಅಂತಲೇ ಅರ್ಥ ಅಲ್ವಾ? ಮುಳಬಾಗಿಲು ದಾಟಿ ನಂಗಲಿ ಕಡೆ ಹೋಗುತ್ತಿದ್ದಾಗ ಡಿವೈಡರ್ ಸಂದಿಯಿಂದ ಬೈಕಿನವನೊಬ್ಬ ನುಗ್ಗಿದ್ದ. ಅಣ್ಣ ಬ್ರೇಕ್ ತುಳಿದಿದ್ದರು. ಬೈಕಿನವನು ಉಳಿದ. ಆದರೆ ಕ್ಯಾಬಿನ್ನಿನ ಬೆನ್ನಿಗೆ ಧಡ್ ಅಂತ ಏನೋ ಬಡಿದಿತ್ತು.

ಏಳು ಗಂಟೆಗೆ ನಾನು ಅಲ್ಲಿ ತಲುಪಿದೆ. ಲಾರಿ ರಸ್ತೆ ಪಕ್ಕ ನಿಂತಿತ್ತು. ಮೇಲೆ ನಾಲ್ಕು ಟನ್ ತೂಕದ ಪವರ್ ಪ್ರೆಸ್, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಯಂತ್ರ, ಕುಡಿದವನು ಗೋಡೆಗೆ ಒರಗಿದ ಹಾಗೆ, ಕ್ಯಾಬಿನ್ ಹಿಂದಿನ ತಡೆಗೆ ಒರಗಿಕೊಂಡಿತ್ತು. ತಡೆಯ ಕಬ್ಬಿಣ ಒಳಕ್ಕೆ ಬಾಗಿತ್ತು. ಆ ತಡೆಗೂ ಕ್ಲೀನರ್ ಹುಡುಗನ ತಲೆಗೂ ನಡುವೆ ಇದ್ದದ್ದು ಕ್ಯಾಬಿನ್ನಿನ ತಗಡು ಮಾತ್ರ. ಅವನಿಗೆ ಹತ್ತೊಂಬತ್ತು ವರ್ಷ. ಟೀ ಲೋಟ ಹಿಡಿದು ಕಲ್ಲಿನ ಮೇಲೆ ಕೂತಿದ್ದ. ಕೈ ಇನ್ನೂ ನಡುಗುತ್ತಿತ್ತು.

ಯಾರಿಗೂ ಗಾಯವಾಗಲಿಲ್ಲ. ಆದರೂ ಆ ಲೋಟದಲ್ಲಿ ಅಲುಗುತ್ತಿದ್ದ ಟೀಯನ್ನು ನಾನು ಮರೆತಿಲ್ಲ. ಈ ಬರಹ ಅದಕ್ಕೇ. ನಮ್ಮ ಹಾಗೆ ಎರಡು ಮೂರು ಲಾರಿ ಇಟ್ಟುಕೊಂಡವರು ಕೋಲಾರ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಟೊಮೆಟೊ, ಮಾವು, ಇಟ್ಟಿಗೆ ಸಾಗಿಸುತ್ತಿದ್ದವರಿಗೆ ಈಗ ನರಸಾಪುರ, ವೇಮಗಲ್, ಮಾಲೂರಿನ ಫ್ಯಾಕ್ಟರಿಗಳಿಂದ ಯಂತ್ರದ ಲೋಡು ಸಿಗುತ್ತಿದೆ. ಬಾಡಿಗೆ ಚೆನ್ನಾಗಿರುತ್ತೆ. ಕಟ್ಟುವ ಸಾಮಾನು ಮಾತ್ರ ಹಳೆಯದೇ.

ಏನು ಕಟ್ಟಿದ್ದೆವು, ಹೇಗೆ ಕಟ್ಟಿದ್ದೆವು

ಲೋಡು ಹೀಗಿತ್ತು. 63 ಟನ್ ಬಲದಲ್ಲಿ ಒತ್ತುವ, ಸಿ ಆಕಾರದ ಹಳೇ ಪವರ್ ಪ್ರೆಸ್. ವೇಮಗಲ್ ಹತ್ತಿರದ ಒಂದು ವರ್ಕ್‌ಶಾಪಿನಿಂದ ಚೆನ್ನೈನ ಅಂಬತ್ತೂರಿಗೆ. ವೇ ಬ್ರಿಡ್ಜಿನಲ್ಲಿ ಖಾಲಿ ಲಾರಿ ತೂಕ ಕಳೆದಾಗ ಸರಿಸುಮಾರು 4,000 ಕಿಲೋ. ಎತ್ತರ 2.4 ಮೀಟರ್. ಬುಡ ಮಾತ್ರ 1.1 ಮೀಟರ್ ಅಗಲ, 1.4 ಮೀಟರ್ ಉದ್ದ. ಮೋಟರು, ಫ್ಲೈವೀಲು ಅನ್ನೋ ಭಾರದ ಚಕ್ರ ಎಲ್ಲ ತಲೆಯ ಮೇಲೆ. ಅಂದರೆ ಕಾಲು ಸಣ್ಣ, ತಲೆ ಭಾರ.

ಹೈಡ್ರಾ ಕ್ರೇನಿನಲ್ಲಿ ಎತ್ತಿ, ಎರಡು ಮರದ ಸ್ಲೀಪರ್ (ದಪ್ಪ ದಿಮ್ಮಿ) ಹಾಸಿ ಅದರ ಮೇಲೆ ಕೂರಿಸಿದರು. ಸ್ಲೀಪರಿಗೂ ಪ್ರೆಸ್ಸಿಗೂ ಬೋಲ್ಟ್ ಇಲ್ಲ, ಸ್ಲೀಪರಿಗೂ ಲಾರಿಗೂ ಮೊಳೆ ಇಲ್ಲ. ಆಮೇಲೆ ನಮ್ಮ ಪ್ಲಾಸ್ಟಿಕ್ ಹಗ್ಗ ತೆಗೆದು ಆರು ಸುತ್ತು ಸುತ್ತಿದರು. ಬದಿಯ ಹುಕ್ಕಿನಿಂದ ಬದಿಯ ಹುಕ್ಕಿಗೆ, ಲಾರಿ ಗಂಟು ಹಾಕಿ, ಇಬ್ಬರು ಕಾಲು ಕೊಟ್ಟು ಎಳೆದರು. ಲೋಡ್ ಮಾಡಿಸಿದವರು "ಇಷ್ಟು ತೂಕ ಇರೋದು ಎಲ್ಲಿ ಹೋಗುತ್ತೆ, ಹಗ್ಗ ಸುಮ್ನೆ ಸಮಾಧಾನಕ್ಕೆ" ಅಂದರಂತೆ. ನಾವೂ ಹಾಗೇ ಅಂದುಕೊಂಡಿದ್ದೆವು. ತಪ್ಪು ಅವರೊಬ್ಬರದ್ದೇ ಅಂತ ನಾನು ಹೇಳಲಾರೆ. ಲಾರಿ ನಮ್ಮದು, ಹಗ್ಗ ನಮ್ಮದು.

ಈ ಮಾತನ್ನು ಎಲ್ಲ ಲೋಡಿಂಗ್ ಜಾಗದಲ್ಲೂ ಕೇಳಿದ್ದೇನೆ. ಭಾರ ಇದ್ದರೆ ಅಲುಗಲ್ಲ ಅನ್ನೋ ನಂಬಿಕೆ. ಅದು ನಿಂತ ಲಾರಿಯಲ್ಲಿ ನಿಜ. ಓಡುವ ಲಾರಿಯಲ್ಲಿ ತೂಕ ಎಷ್ಟು ಜಾಸ್ತಿಯೋ ಮುಂದಕ್ಕೆ ನುಗ್ಗುವ ಜೋರೂ ಅಷ್ಟೇ ಜಾಸ್ತಿ. ಲಾರಿ ಬ್ರೇಕಿಗೆ ನಿಲ್ಲುತ್ತೆ. ಮೇಲಿರುವ ಪ್ರೆಸ್ಸಿಗೆ ಬ್ರೇಕ್ ಎಲ್ಲಿದೆ? ಅದನ್ನು ನಿಲ್ಲಿಸಬೇಕಾದ್ದು ಬುಡದ ಹಿಡಿತ ಮತ್ತು ಕಟ್ಟು.

ಬೆಳಕಾದ ಮೇಲೆ ತಳ ನೋಡಿದಾಗ ಕಥೆ ಪೂರ್ತಿ ಅಲ್ಲೇ ಬರೆದಿತ್ತು. ನಮ್ಮ ಲಾರಿಯ ತಳ ಕಬ್ಬಿಣದ ಶೀಟು. ಅದರ ಮೇಲೆ ಒಣಗಿದ ಟೊಮೆಟೊ ರಸ, ಮರಳು, ಪುಡಿ ಮಣ್ಣು. ಸ್ಲೀಪರು ಒಂದು ಗೇಣು ಮುಂದಕ್ಕೆ ಜಾರಿದ ಗೀರು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಗೀರಿನ ಕೊನೆಯಲ್ಲಿ ಎರಡು ಶೀಟು ಸೇರುವ ಕಡೆ ಒಂದು ಅಂಚು ಎದ್ದಿತ್ತು. ಸ್ಲೀಪರಿನ ಮೂತಿ ಅಲ್ಲಿ ಸಿಕ್ಕಿಕೊಂಡಿತ್ತು. ಬುಡ ನಿಂತಿತು, ತಲೆ ನಿಲ್ಲಲಿಲ್ಲ. ಮೊದಲು ಜಾರಿ, ಆಮೇಲೆ ವಾಲಿ, ಕ್ಯಾಬಿನ್ನಿಗೆ ಬಡಿದಿದೆ.

ಹಗ್ಗ? ಆರರಲ್ಲಿ ನಾಲ್ಕು ಸುತ್ತು ಹರಿದಿದ್ದವು. ಫ್ಲೈವೀಲಿನ ಮೇಲಿನ ತಗಡಿನ ಅಂಚಿಗೆ ಉಜ್ಜಿದ ಜಾಗದಲ್ಲಿ ತುದಿ ಕರಗಿ, ಆರಿದ ಮೇಣದ ಹಾಗೆ ಗಟ್ಟಿ ಗುಂಡಿಯಾಗಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗುತ್ತಿತ್ತು. ಪಾಲಿಪ್ರೊಪಿಲೀನ್ ಹಗ್ಗ ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಎಳೆತದಲ್ಲಿರುವ ಹಗ್ಗ ಚೂಪು ಅಂಚಿನ ಮೇಲೆ ಜೋರಾಗಿ ಜಾರಿದರೆ ಆ ಬಿಸಿ ಕ್ಷಣದಲ್ಲಿ ಹುಟ್ಟುತ್ತೆ. ಆ ಒಂದು ತುದಿಯನ್ನು ಕತ್ತರಿಸಿ ತಂದು ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಟೊಮೆಟೊಗೆ ಇದೇ ಹಗ್ಗ ಇಪ್ಪತ್ತೈದು ವರ್ಷ ಹೇಗೆ ಸಾಕಾಯಿತು?

ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಕೋಲಾರದ ಎಪಿಎಂಸಿಯಿಂದ ಅವರು ಸಾಗಿಸಿದ ಬಾಕ್ಸುಗಳಿಗೆ ಲೆಕ್ಕವಿಲ್ಲ. ಒಂದೊಂದು 15 ಕಿಲೋ ಬಾಕ್ಸು. ಲೋಡ್ ಪೂರ್ತಿ ಆದಾಗ ಪ್ರೆಸ್ಸಿಗಿಂತ ಎಷ್ಟೋ ಜಾಸ್ತಿ ತೂಕ. ಇದೇ ಹಗ್ಗ, ಇದೇ ಗಂಟು, ಇದೇ ಹುಕ್ಕು. ಒಂದು ದಿನವೂ ಲೋಡು ಬಿದ್ದಿಲ್ಲ.

ಉತ್ತರ ಹುಡುಕಿದಾಗ ನನಗೇ ಆಶ್ಚರ್ಯವಾಯಿತು. ಟೊಮೆಟೊ ಲೋಡಿನಲ್ಲಿ ಹಗ್ಗ ಮಾಡುವ ಕೆಲಸ ತುಂಬ ಕಡಿಮೆ. ಬಾಕ್ಸುಗಳು ಒಂದರ ಬಾಯಿಗೆ ಇನ್ನೊಂದರ ಬುಡ ಕೂತು ಕಚ್ಚಿಕೊಳ್ಳುತ್ತವೆ. ಮುಂದೆ ಕ್ಯಾಬಿನ್ ತಡೆ, ಎರಡು ಬದಿಗೆ ಹಲಗೆ, ಹಿಂದೆ ಬಾಗಿಲು. ನಡುವೆ ಸಂದಿಯೇ ಇಲ್ಲ. ಬ್ರೇಕ್ ಹಾಕಿದರೆ ಇಡೀ ಲೋಡು ತಡೆಗೆ ಒಟ್ಟಿಗೆ ಒರಗುತ್ತೆ, ಓಡಿ ಬಂದು ಬಡಿಯಲ್ಲ. ಹಗ್ಗ ಹಿಡಿದಿರುವುದು ಮೇಲಿನ ಸಾಲು ಮತ್ತು ಟಾರ್ಪಲನ್ನು ಮಾತ್ರ. ಅಪ್ಪನ ಲೋಡನ್ನು ಇಷ್ಟು ವರ್ಷ ಕಾದದ್ದು ಲಾರಿಯ ಬಾಡಿ.

ಪ್ರೆಸ್ಸು ತಳದ ನಡುವೆ ಒಂಟಿಯಾಗಿ ನಿಂತಿತ್ತು. ಸುತ್ತ ಯಾವ ಹಲಗೆಯೂ ಅದಕ್ಕೆ ತಾಗಿರಲಿಲ್ಲ. ಅಲ್ಲಿ ಪೂರ್ತಿ ಭಾರ ಹಗ್ಗದ ಮೇಲೆ.

ಅಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ನಾನು ಕಟ್ಟಿದ್ದು ತಪ್ಪಲ್ಲ, ಕಟ್ಟಿದ್ದ ವಸ್ತು ಬೇರೆ ಆಯ್ತು" ಅಂದರು. ಅಷ್ಟೇ ವಿಷಯ. ಅವರ ಕೈಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಕೆಜಿಎಫ್ ತಾತನ ತಟ್ಟೆ

ಡ್ರೈವರಣ್ಣನ ಮಾವ ಕೆಜಿಎಫ್‌ನವರು. ಚಾಂಪಿಯನ್ ರೀಫ್ ಗಣಿಯಲ್ಲಿ ರಿಗ್ಗರ್, ಅಂದರೆ ಭಾರದ ಸಾಮಾನು ಕಟ್ಟಿ ಇಳಿಸುವವರು, ಆಗಿದ್ದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ ಅದೇ ಕೆಲಸ. ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು. ಪಂಪು, ಮೋಟರು, ಹಳಿ ಎಲ್ಲವನ್ನೂ ಕಟ್ಟಿ ಆ ಬಾವಿಯಲ್ಲಿ ಇಳಿಸಬೇಕಿತ್ತು. ಕಟ್ಟಿದ್ದು ಬಿಚ್ಚಿದರೆ ಕೆಳಗೆ ಜನ. ಇಂಥವರ ಹತ್ತಿರ ಕೇಳದೆ ಇನ್ಯಾರ ಹತ್ತಿರ ಕೇಳಲಿ ಅಂತ ಒಂದು ಭಾನುವಾರ ರಾಬರ್ಟ್‌ಸನ್‌ಪೇಟೆಗೆ ಹೋದೆ.

ನಾನು "ತಾತ, ಬೆಲ್ಟ್ ತಗೊಳ್ಳೋದಾ, ಚೈನ್ ತಗೊಳ್ಳೋದಾ?" ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. "ಇದು ಜಾರುತ್ತಾ, ಮಗುಚುತ್ತಾ? ಮೊದಲು ಅದನ್ನ ಹೇಳು ತಾಯಿ" ಅಂದರು.

ಒಳಗಿಂದ ಒಂದು ಸ್ಟೀಲ್ ತಟ್ಟೆ ತರಿಸಿದರು. ಬೆಂಕಿಪೊಟ್ಟಣ ಒಂದನ್ನು ಅದರ ಮೇಲೆ ಮಲಗಿಸಿ ತಟ್ಟೆಯನ್ನು ನಿಧಾನವಾಗಿ ಓರೆ ಮಾಡಿದರು. ಪೊಟ್ಟಣ ಜಾರಿತು. ಮತ್ತೆ ಅದೇ ಪೊಟ್ಟಣವನ್ನು ನಿಲ್ಲಿಸಿ ಓರೆ ಮಾಡಿದರು. ಈ ಸಲ ಜಾರುವ ಮೊದಲೇ ಮಗುಚಿತು. ಆಮೇಲೆ ಹಳೇ ಸೈಕಲ್ ಟ್ಯೂಬಿನ ತುಂಡನ್ನು ತಟ್ಟೆಗೆ ಹಾಸಿ ಪೊಟ್ಟಣವನ್ನು ಮಲಗಿಸಿದರು. ತಟ್ಟೆ ಎಷ್ಟೋ ಓರೆಯಾದರೂ ಕದಲಲಿಲ್ಲ. ನಿಲ್ಲಿಸಿದ ಪೊಟ್ಟಣ ಮಾತ್ರ ರಬ್ಬರಿನ ಮೇಲೂ ಮಗುಚಿತು. "ರಬ್ಬರು ಜಾರೋದನ್ನ ನಿಲ್ಲಿಸುತ್ತೆ. ಮಗುಚೋದನ್ನ ನಿಲ್ಲಿಸಲ್ಲ. ಎರಡಕ್ಕೂ ಒಂದೇ ಮದ್ದು ಇಲ್ಲ."

ಸಾವಿರಾರು ರೂಪಾಯಿ ಸಾಮಾನು ಕೊಳ್ಳುವ ಮೊದಲು ಆ ಹತ್ತು ನಿಮಿಷ ಸಿಕ್ಕಿದ್ದು ನಮ್ಮ ಪುಣ್ಯ.

ಅದನ್ನೇ ಲೆಕ್ಕದಲ್ಲಿ ಹಾಕಿಕೊಟ್ಟವರು ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಇಂಜಿನಿಯರ್, ನನ್ನ ಚಿಕ್ಕಪ್ಪನ ಮಗ. ಯುರೋಪಿನಲ್ಲಿ ಇಎನ್ 12195 ಅನ್ನೋ ಮಾನದಂಡ ಇದೆ. ಲಾರಿಯ ಲೋಡು ಮುಂದಕ್ಕೆ ತನ್ನ ತೂಕದ 0.8 ಪಾಲು, ಪಕ್ಕಕ್ಕೂ ಹಿಂದಕ್ಕೂ 0.5 ಪಾಲು ಎಳೆತ ತಡೆಯಬೇಕು ಅನ್ನುತ್ತೆ ಅದು. ನಾಲ್ಕು ಟನ್ ಪ್ರೆಸ್ಸು ಅಂದರೆ ಮುಂದಕ್ಕೆ 3.2 ಟನ್, ಪಕ್ಕಕ್ಕೆ 2 ಟನ್. ತಾತನ ತಟ್ಟೆಯಲ್ಲಿ ಹೇಳುವುದಾದರೆ, ಸುಮಾರು 39 ಡಿಗ್ರಿ ಓರೆ ಮುಂದಿನ ಬ್ರೇಕಿಗೆ ಸಮ, ಸುಮಾರು 27 ಡಿಗ್ರಿ ಓರೆ ಪಕ್ಕದ ತಿರುವಿಗೆ ಸಮ.

ಮಗುಚುವ ಲೆಕ್ಕ ಮೂರನೇ ಕ್ಲಾಸಿನ ಭಾಗಾಕಾರದಷ್ಟು ಸುಲಭ. ಬುಡದ ಅರ್ಧ ಅಗಲವನ್ನು ಭಾರದ ಕೇಂದ್ರ ಇರುವ ಎತ್ತರದಿಂದ ಭಾಗಿಸಬೇಕು. ನಮ್ಮ ಪ್ರೆಸ್ಸಿನ ಭಾರದ ಕೇಂದ್ರ ಸುಮಾರು 1.3 ಮೀಟರ್ ಎತ್ತರದಲ್ಲಿ. ಅರ್ಧ ಅಗಲ 0.55. ಭಾಗಿಸಿದರೆ 0.42. ಬೇಕಾದ್ದು 0.5. ಅಂದರೆ ಪಕ್ಕಕ್ಕೆ ಮಗುಚುತ್ತೆ. ಅರ್ಧ ಉದ್ದ 0.7, ಭಾಗಿಸಿದರೆ 0.54. ಮುಂದಕ್ಕೆ ಬೇಕಾದ್ದು 0.8. ಅಂದರೆ ಮುಂದಕ್ಕೂ ಮಗುಚುತ್ತೆ. ಮುಂದಕ್ಕೂ ಎರಡು ಪಕ್ಕಕ್ಕೂ ಬೀಳುವ ವಸ್ತುವನ್ನು ನಾವು ಹಗ್ಗ ಹಾಕಿ ಹೆದ್ದಾರಿಗೆ ಬಿಟ್ಟಿದ್ದೆವು.

ಬೆಲ್ಟಿನ ಚೀಟಿಯಲ್ಲಿರುವ ಮೂರು ಅಂಕಿ

ಈಗ ಸಾಮಾನಿನ ವಿಚಾರ. ಅಂಗಡಿಗೆ ಹೋದರೆ "ಐದು ಟನ್ ಬೆಲ್ಟು" ಅಂತ ಕೊಡುತ್ತಾರೆ. 50 ಮಿಲಿಮೀಟರ್ ಅಗಲದ ಪಾಲಿಯೆಸ್ಟರ್ ಪಟ್ಟಿ, ಪಟ್ಟಿ ಬಿಗಿ ಮಾಡಲು ಒಂದು ಕಬ್ಬಿಣದ ರಾಚೆಟ್, ಎರಡು ಹುಕ್ಕು. ಲೋಡು ನಾಲ್ಕು ಟನ್, ಬೆಲ್ಟು ಐದು ಟನ್, ಒಂದೇ ಸಾಕು ಅಂತ ಯಾರಿಗಾದರೂ ಅನಿಸುತ್ತೆ. ನನಗೂ ಅನಿಸಿತ್ತು. ಇಲ್ಲೇ ಎಲ್ಲರೂ ಎಡವೋದು.

ಸರಿಯಾದ ಬೆಲ್ಟಿಗೆ ಒಂದು ಚೀಟಿ ಹೊಲಿದಿರುತ್ತಾರೆ. ನೀಲಿ ಚೀಟಿ ಅಂದರೆ ಪಾಲಿಯೆಸ್ಟರ್. ಅದರಲ್ಲಿ ಎಲ್‌ಸಿ ಅಂತ ಒಂದು ಅಂಕಿ. ಅದು ಬೆಲ್ಟು ನೇರ ಎಳೆತದಲ್ಲಿ ತಡೆಯುವ ಭಾರ. ನಾವು ತಂದದ್ದರಲ್ಲಿ 2,500 ಡೆಕಾನ್ಯೂಟನ್ ಇತ್ತು. ಒಂದು ಡೆಕಾನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಕಿಲೋ ಭಾರದ ಎಳೆತ ಅಂತ ಇಟ್ಟುಕೊಳ್ಳಿ. ಬೆಲ್ಟನ್ನು ವಸ್ತುವಿನ ಸುತ್ತ ಬಳಸಿ ಎರಡು ಎಳೆಯಾಗಿ ಹಿಡಿದರೆ 5,000. ಅಂಗಡಿಯವರು ಹೇಳುವ ಐದು ಟನ್ ಇದು. ಮೂರನೆಯದು ಎಸ್‌ಟಿಎಫ್, ಸಣ್ಣ ಅಕ್ಷರದಲ್ಲಿ. ಕೈಯಲ್ಲಿ 50 ಕಿಲೋ ಬಲ ಹಾಕಿ ರಾಚೆಟ್ ಬಿಗಿದಾಗ ಬೆಲ್ಟಿನಲ್ಲಿ ಉಳಿಯುವ ಬಿಗಿ ಅದು. ನಮ್ಮದರಲ್ಲಿ 300.

ಬೆಲ್ಟನ್ನು ಲೋಡಿನ ಮೇಲಿಂದ ಹಾಯಿಸಿ ಎರಡು ಬದಿಗೆ ಕಟ್ಟಿದರೆ ಅದು ಲೋಡನ್ನು ತಳಕ್ಕೆ ಒತ್ತುತ್ತೆ, ಅಷ್ಟೇ. ಮುಂದಕ್ಕೆ ಹೋಗದಂತೆ ನೇರವಾಗಿ ಹಿಡಿಯಲ್ಲ. ಒತ್ತಿದ್ದರಿಂದ ಬುಡದ ಹಿಡಿತ ಹೆಚ್ಚುತ್ತೆ, ಆ ಹಿಡಿತ ಲೋಡನ್ನು ನಿಲ್ಲಿಸುತ್ತೆ. ಈ ಕಟ್ಟಿನಲ್ಲಿ ಕೆಲಸಕ್ಕೆ ಬರುವ ಅಂಕಿ 5,000 ಅಲ್ಲ, 2,500 ಅಲ್ಲ, 300.

ಚಿಕ್ಕಪ್ಪನ ಮಗ ಕೂತು ಲೆಕ್ಕ ಹಾಕಿದ. ಕಬ್ಬಿಣದ ತಳದ ಮೇಲೆ ಮರದ ಸ್ಲೀಪರು ಇದ್ದರೆ ಬುಡದ ಹಿಡಿತ ತೂಕದ 0.3 ಪಾಲು, ಅದೂ ತಳ ಗುಡಿಸಿ ಶುದ್ಧವಾಗಿದ್ದರೆ. ಆಗ ನಾಲ್ಕು ಟನ್ ಮುಂದಕ್ಕೆ ಜಾರದಂತೆ ಹಿಡಿಯಲು ಮೇಲಿಂದ ಹಾಯಿಸುವ ಬೆಲ್ಟು 14 ಬೇಕು. ಹದಿನಾಲ್ಕು! ಬುಡಕ್ಕೆ ಜಾರದ ರಬ್ಬರ್ ಮ್ಯಾಟ್ ಹಾಕಿದರೆ ಹಿಡಿತ 0.6. ಆಗ ಬೇಕಾದ್ದು 3.

ಆ ಕಾಗದ ನೋಡಿ ನಾನು ಎರಡು ಸಲ ಲೆಕ್ಕ ಮಾಡಿಸಿದೆ. ಹಿಡಿತ ಎರಡರಷ್ಟಾದರೆ ಬೆಲ್ಟು ಅರ್ಧವಾಗಬೇಕಲ್ಲ, ಐದನೇ ಒಂದಾಗಿದ್ದು ಹೇಗೆ ಅಂತ. ಕಾರಣ ಇದು: ಲೋಡಿನ ಸ್ವಂತ ತೂಕವೇ ರಬ್ಬರನ್ನು ಒತ್ತಿ, ಬೇಕಾದ 0.8ರಲ್ಲಿ 0.6 ಪಾಲನ್ನು ತಾನೇ ತಡೆದುಬಿಡುತ್ತೆ. ಬೆಲ್ಟಿಗೆ ಉಳಿಯೋದು 0.2 ಮಾತ್ರ. ರಬ್ಬರ್ ಇಲ್ಲದಿದ್ದರೆ 0.5 ಉಳಿಯುತ್ತೆ. ಅಂಗೈ ಅಗಲದ ರಬ್ಬರ್ ತುಂಡುಗಳು ಹನ್ನೊಂದು ಬೆಲ್ಟಿನ ಕೆಲಸ ಮಾಡುತ್ತವೆ. ನಾನು ಈ ಊರಿನ ಯಾವ ಲಾರಿಯಲ್ಲೂ ಆ ತುಂಡು ನೋಡಿಲ್ಲ.

ಬೆಲ್ಟಿನ ಓರೆಯೂ ಲೆಕ್ಕಕ್ಕೆ ಬರುತ್ತೆ. ನೆಟ್ಟಗೆ ಕೆಳಗಿಳಿದರೆ ಪೂರ್ತಿ ಬಿಗಿ ಕೆಳಕ್ಕೆ ಒತ್ತುತ್ತೆ. ತಳದಿಂದ 45 ಡಿಗ್ರಿ ಇದ್ದರೆ ಶೇ 71, ತಗ್ಗಿ 30 ಡಿಗ್ರಿಗೆ ಬಂದರೆ ಅರ್ಧ. ಕುಳ್ಳ ಲೋಡಿಗೆ ಮೇಲಿಂದ ಬೆಲ್ಟ್ ಹಾಕಿ ನೆಮ್ಮದಿಯಾಗಿರುವವರು ಇದನ್ನು ಗಮನಿಸಬೇಕು.

ಹಗ್ಗ ಬಿಟ್ಟೆವು. ಅದರಲ್ಲಿ ಬಿಗಿ ಎಷ್ಟು ಉಳಿದಿದೆ ಅಂತ ಗೊತ್ತಾಗಲ್ಲ, ಹಿಗ್ಗುತ್ತೆ, ಅಂಚಿಗೆ ಕರಗುತ್ತೆ. ಉಕ್ಕಿನ ವೈರ್ ರೋಪನ್ನು ತಾತನೇ ಬೇಡ ಅಂದರು. ಗಣಿಯಲ್ಲಿ ಅದೇ ಅನ್ನ ಕೊಟ್ಟಿದ್ದರೂ, ಅದಕ್ಕೆ ಕ್ಲಿಪ್ ಹಾಕುವುದು ಬಲ್ಲವರ ಕೆಲಸ, ದಾರಿಯಲ್ಲಿ ಬಿಗಿ ಮಾಡೋದು ಕಷ್ಟ ಅಂದರು. ಉಳಿದದ್ದು ಬೆಲ್ಟು ಮತ್ತು ಚೈನು.

ಚೈನಿನಲ್ಲೂ ಮೋಸ ಹೋಗುವ ಜಾಗ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಕೊಡುವ ಮಾಮೂಲಿ ಸರಪಳಿ ಗೇಟಿಗೆ ಸರಿ, ಲೋಡಿಗಲ್ಲ. ನಾವು ತಂದದ್ದು 8 ಮಿಲಿಮೀಟರಿನ ಗ್ರೇಡ್ 80 ಚೈನು. ಕೊಂಡಿಗಳ ಮೇಲೆ ಗ್ರೇಡಿನ ಅಂಕಿ ಒತ್ತಿರುತ್ತೆ. ಬೆರಳಲ್ಲಿ ಸವರಿದರೆ ಸಿಗುತ್ತೆ. ಅದರ ಎಲ್‌ಸಿ 4,000. ಬಿಗಿ ಮಾಡಲು ರಾಚೆಟ್ ಬೈಂಡರು.

ಹುಕ್ಕು

ಇಷ್ಟೆಲ್ಲ ತಂದು ಲಾರಿ ಪಕ್ಕ ಜೋಡಿಸಿದ ದಿನ ಡ್ರೈವರಣ್ಣ ಚೈನ್ ಎತ್ತಿಕೊಂಡು ಬಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದರು. "ಅಮ್ಮಾ, ಇದನ್ನ ಎಲ್ಲಿಗೆ ಹಾಕೋದು?" ಅಂದರು.

ನಮ್ಮ ಬಾಡಿಯ ಬದಿಯಲ್ಲಿದ್ದದ್ದು ಹಗ್ಗದ ಹುಕ್ಕುಗಳು. ಬೆರಳು ದಪ್ಪದ ಸರಳು ಬಗ್ಗಿಸಿ ತಗಡಿಗೆ ವೆಲ್ಡ್ ಮಾಡಿದ್ದು. ಎರಡು ಹುಕ್ಕು ಆಗಲೇ ಆ ರಾತ್ರಿ ಬಾಗಿದ್ದವು. ನಾಲ್ಕು ಟನ್ನಿನ ಚೈನನ್ನು ಇದಕ್ಕೆ ಸಿಕ್ಕಿಸಿದರೆ ಬ್ರೇಕಿನಲ್ಲಿ ಹುಕ್ಕು ಕಿತ್ತು ಚೈನಿನ ಜೊತೆ ಹಾರಿ ಬರುತ್ತೆ. ಸಾಮಾನಿನ ಪಟ್ಟಿಯಲ್ಲಿ ನಾನು ಈ ಹುಕ್ಕನ್ನು ಬರೆದೇ ಇರಲಿಲ್ಲ. ಅದು ಮೊದಲನೆಯದಾಗಿ ಇರಬೇಕಿತ್ತು.

ಬಾಡಿ ಕಟ್ಟುವವರ ಹತ್ತಿರ ಹೋಗಿ ತಳದಲ್ಲಿ ಎಂಟು ಕಡೆ ಮಡಚುವ ಉಂಗುರ ಹಾಕಿಸಿದೆವು. ಒಂದೊಂದು 2,000 ಡೆಕಾನ್ಯೂಟನ್ ತಡೆಯುವಂಥದ್ದು. ತಳದ ಶೀಟಿಗೆ ಅಲ್ಲ, ಅದರ ಕೆಳಗಿನ ಅಡ್ಡ ಕಬ್ಬಿಣಕ್ಕೆ, ಹಿಂದಿನಿಂದ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಮಾಡಿಸಿದ್ದು. ಲಾರಿಯ ಬೆನ್ನೆಲುಬಾದ ಚಾಸಿಗೆ ಮಾತ್ರ ವೆಲ್ಡಿಂಗ್ ಮುಟ್ಟಿಸಲಿಲ್ಲ, ತೂತೂ ಹಾಕಲಿಲ್ಲ. ಬಿಸಿ ತಾಗಿದ ಜಾಗದಲ್ಲಿ ಆ ಉಕ್ಕು ಮೆದುವಾಗಿ, ಮುಂದೆಂದೋ ಬಿರುಕು ಬಿಡುತ್ತೆ.

ಎಂಟು ಉಂಗುರ, ಕೂಲಿ, ಚೈನು, ಬೆಲ್ಟು, ಮ್ಯಾಟು ಎಲ್ಲ ಸೇರಿ ಎರಡು ಟ್ರಿಪ್ಪಿನ ಬಾಡಿಗೆಯಷ್ಟು ಖರ್ಚಾಯಿತು. ಬಾಗಿದ ತಡೆ, ಹೈಡ್ರಾ ಬಾಡಿಗೆ, ಪ್ರೆಸ್ಸಿನ ರಿಪೇರಿ ಸೇರಿ ಆ ಬೆಳಗಿನ ಜಾವಕ್ಕೆ ನಾವು ತೆತ್ತದ್ದು ಅದಕ್ಕಿಂತ ಜಾಸ್ತಿ.

ಎರಡನೇ ಸಲ

ಅದೇ ವರ್ಕ್‌ಶಾಪಿನಲ್ಲಿ ಅದೇ ಅಳತೆಯ ಇನ್ನೊಂದು ಪ್ರೆಸ್ಸಿತ್ತು. ಅದನ್ನೂ ನಮಗೇ ಕೊಟ್ಟರು. ಅದಕ್ಕೆ ನಾನು ಇವತ್ತಿಗೂ ಋಣಿ.

ಮಗುಚೋದನ್ನು ತಡೆಯಲು ಮೊದಲು ಪ್ರೆಸ್ಸನ್ನು ಮಲಗಿಸುವ ಯೋಚನೆ ಬಂತು. ಎಣ್ಣೆ ಸೋರುತ್ತೆ, ಇಳಿಸಿ ನಿಲ್ಲಿಸುವಾಗ ಇನ್ನೊಂದು ಅಪಾಯ ಅಂತ ಕೈಬಿಟ್ಟೆವು. ತಾತ ಹೇಳಿದ್ದು ಸರಳ: "ಕಾಲು ಸಣ್ಣದಾದ್ರೆ ಚಪ್ಪಲಿ ದೊಡ್ಡದು ಹಾಕು." 150 ಮಿಲಿಮೀಟರ್ ಎತ್ತರದ ಐ-ಬೀಮಿನಲ್ಲಿ (ಇಂಗ್ಲಿಷ್ ಐ ಅಕ್ಷರದ ಆಕಾರದ ಕಬ್ಬಿಣದ ತೊಲೆ) 2 ಮೀಟರ್ ಅಗಲ, 2.4 ಮೀಟರ್ ಉದ್ದದ ಒಂದು ಚೌಕಟ್ಟು ವೆಲ್ಡ್ ಮಾಡಿಸಿದೆವು. ತೂಕ ಸುಮಾರು 160 ಕಿಲೋ. ಪ್ರೆಸ್ಸಿನ ಬುಡದಲ್ಲಿ ನೆಲಕ್ಕೆ ಕೂರಿಸುವ ಬೋಲ್ಟಿನ ತೂತು ಇದ್ದೇ ಇರುತ್ತೆ. ಅದರಲ್ಲೇ ಚೌಕಟ್ಟಿಗೆ ಬೋಲ್ಟ್ ಹಾಕಿದೆವು. ಭಾರದ ಕೇಂದ್ರ 1.4 ಮೀಟರಿಗೆ ಏರಿತು, ನಿಜ. ಆದರೆ ಪಕ್ಕಕ್ಕೆ 1.0 ಭಾಗಿಸು 1.4, ಅಂದರೆ 0.71. ಮುಂದಕ್ಕೆ 1.2 ಭಾಗಿಸು 1.4, ಅಂದರೆ 0.86. ಎರಡೂ ದಾಟಿತು. ಕಟ್ಟುವ ಮೊದಲೇ ಮಗುಚುವ ಭಯ ಹೋಯಿತು. ಇಡೀ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ಸಾಮಾನು ಈ ಚೌಕಟ್ಟು. ಇದನ್ನು ಯಾವ ಅಂಗಡಿಯಲ್ಲೂ ಮಾರಲ್ಲ.

ಲಾರಿ ತಳವನ್ನು ನೀರು ಹೊಡೆದು ತೊಳೆದು ಒಣಗಿಸಿದ್ದು ಕ್ಲೀನರ್ ಹುಡುಗ. ಇದನ್ನು ಅವನು ಬೇರೆ ಯಾರಿಗೂ ಬಿಡಲಿಲ್ಲ. ಚೌಕಟ್ಟಿನ ಕೆಳಗೆ ರಬ್ಬರ್ ತುಂಡುಗಳನ್ನು ಇಟ್ಟೆವು. ಕಬ್ಬಿಣಕ್ಕೆ ಕಬ್ಬಿಣ ಎಲ್ಲೂ ತಾಗಬಾರದು. ಒಂದು ಕಡೆ ತಾಗಿದರೂ ಆ ಭಾಗದ ಭಾರ ರಬ್ಬರಿಗೆ ಸಿಗಲ್ಲ. ಪ್ರೆಸ್ಸನ್ನು ಕ್ಯಾಬಿನ್ನಿಗೆ ಅಂಟಿಸಿ ಇಟ್ಟರೆ ಮುಂದಿನ ಆಕ್ಸಲಿಗೆ ಭಾರ ಜಾಸ್ತಿ. ಹಾಗಾಗಿ ಹಿಂದಿನ ಆಕ್ಸಲಿಗೆ ಸ್ವಲ್ಪ ಮುಂದೆ ಕೂರಿಸಿ, ನಡುವಿನ ಜಾಗಕ್ಕೆ ಮರದ ದಿಮ್ಮಿ ಬಿಗಿಯಾಗಿ ಕೊಟ್ಟು ಬೆಣೆ ಹೊಡೆದೆವು.

ಆಮೇಲೆ ನಾಲ್ಕು ಚೈನು. ಪ್ರೆಸ್ಸಿನ ನಡು ಎತ್ತರದಿಂದ ನಾಲ್ಕು ಮೂಲೆಯ ಉಂಗುರಗಳಿಗೆ ಓರೆಯಾಗಿ, ಎರಡು ಮುಂದಕ್ಕೆ ಎರಡು ಹಿಂದಕ್ಕೆ. ಇದು ಒತ್ತುವ ಕಟ್ಟಲ್ಲ, ಹಿಡಿಯುವ ಕಟ್ಟು. ಇಲ್ಲಿ ಎಲ್‌ಸಿ ಅಂಕಿ ಲೆಕ್ಕಕ್ಕೆ ಬರುತ್ತೆ. ಜೋರು ಬ್ರೇಕಿನಲ್ಲಿ ಹಿಂದಕ್ಕೆ ಎಳೆದಿರುವ ಎರಡು ಚೈನಿನ ಮೇಲೆ ತಲಾ ಸುಮಾರು 750 ಕಿಲೋ ಬರುತ್ತೆ. ಹಳೇ ಸ್ಲೀಪರಿನ ಮೇಲೇ ಕೂರಿಸಿದ್ದಿದ್ದರೆ ಇದೇ ಎಳೆತ ಸುಮಾರು 1,450 ಆಗುತ್ತಿತ್ತು. ಉಂಗುರ ತಡೆಯೋದು 2,000.

ಹಾಗಾದರೆ ಚೈನೇ ಬೇಕಿತ್ತಾ? ಲೆಕ್ಕದ ಪ್ರಕಾರ ಬೇಕಿರಲಿಲ್ಲ. 2,500ರ ಬೆಲ್ಟು ಸಾಕಿತ್ತು. ನಾವು ಚೈನ್ ಆರಿಸಿದ್ದು ಪ್ರೆಸ್ಸಿನ ಒರಟು ಅಂಚು, ಎಣ್ಣೆ ನೋಡಿ. ಬೆಲ್ಟಿಗೆ ಅಂಚಿನಲ್ಲಿ ದಪ್ಪ ಕವಚ ಹಾಕಿದರೆ ಅದೂ ನಡೆಯುತ್ತೆ, ಹಗುರ, ಹುಡುಗರ ಬೆನ್ನಿಗೂ ಒಳ್ಳೆಯದು. ಆದರೆ ಒಂದೇ ದಿಕ್ಕಿಗೆ ಒಂದು ಚೈನು ಒಂದು ಬೆಲ್ಟು ಅಂತ ಬೆರೆಸಬಾರದು. ಬೆಲ್ಟು ಹಿಗ್ಗುತ್ತೆ, ಚೈನು ಹಿಗ್ಗಲ್ಲ. ಪೂರ್ತಿ ಭಾರ ಚೈನೊಂದರ ಮೇಲೇ ಬೀಳುತ್ತೆ.

ಹೊರಡುವ ಮೊದಲು ಹುಡುಗ ಚೌಕಟ್ಟಿನ ನಾಲ್ಕು ಮೂಲೆಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಕದಲಿದರೆ ತಿಳಿಯಲಿ ಅಂತ. ಅದು ಅವನದೇ ಯೋಚನೆ.

ಮುಳಬಾಗಿಲಿನಲ್ಲಿ ನಿಲ್ಲಿಸಿ ನೋಡಿದರು. ಒಂದು ಬೈಂಡರು ಎರಡು ಹಲ್ಲು ಸಡಿಲ, ಬಿಗಿ ಮಾಡಿದರು. ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುವ ಮೊದಲು ಮತ್ತೆ ನಿಲ್ಲಿಸಿದರು. ಆ ಇಳಿಜಾರಿನ ತಿರುವುಗಳಲ್ಲಿ ಲೋಡು ಅಲುಗಿದರೆ ಕೈಗೆ ಸಿಗಲ್ಲ ಅಂತ ಎಲ್ಲ ಡ್ರೈವರುಗಳಿಗೂ ಗೊತ್ತು. ಚಿತ್ತೂರಿನಿಂದ ಫೋನ್ ಬಂತು. "ಗೆರೆ ಗೆರೆಯಲ್ಲೇ ಇದೆ ಅಮ್ಮಾ." ಅಂಬತ್ತೂರಿನಲ್ಲಿ ಇಳಿಸುವಾಗಲೂ ಗೆರೆ ಅಲ್ಲೇ ಇತ್ತು. ಹುಡುಗ ಅದರ ಫೋಟೊ ಕಳಿಸಿದ್ದ. ತೊಳೆದ ತಳ, ಕಪ್ಪು ರಬ್ಬರು, ಬಿಳಿ ಗೆರೆ.

ಆಮೇಲಿನದು

ಎಲ್ಲವೂ ಸರಿಯಾಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಮೂರನೇ ಟ್ರಿಪ್ಪಿನಲ್ಲಿ ಒಂದು ಬೆಲ್ಟನ್ನು ಕವಚ ಇಲ್ಲದೆ ಅಂಚಿನ ಮೇಲೆ ಹಾಕಿದ್ದರು. ಅಗಲದಲ್ಲಿ ಒಂದು ಬೆರಳಿನಷ್ಟು ಕಡಿದಿತ್ತು. ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡಿದರೆ ಬೆಲ್ಟನ್ನು ಬಿಡಬೇಕು. ಹೊಸದು, ಗಂಟು ಹಾಕಿ ಬಳಸೋಣ ಅಂದರು. ಗಂಟು ಹಾಕಿದ ಬೆಲ್ಟು ಬೆಲ್ಟೇ ಅಲ್ಲ. ಮತ್ತೆ ಯಾರೂ ಬಳಸದ ಹಾಗೆ ಅದನ್ನು ಅಲ್ಲೇ ಎರಡು ತುಂಡು ಮಾಡಿಸಿದೆ. ರಾಚೆಟ್ಟಿನ ಉರುಳೆಗೆ ಕನಿಷ್ಠ ಒಂದೂವರೆ ಸುತ್ತು ಇರಬೇಕು, ಮೂರಕ್ಕಿಂತ ಜಾಸ್ತಿ ಬೇಡ ಅನ್ನೋದನ್ನೂ ಆಗಲೇ ಎಲ್ಲರಿಗೂ ತೋರಿಸಿದ್ದು.

ಟೊಮೆಟೊ ಲೋಡಿಗೆ ಈಗಲೂ ಹಗ್ಗವೇ. ಅದಕ್ಕೆ ಅದು ಸರಿ. ಚೈನು, ಬೆಲ್ಟು, ರಬ್ಬರು ಬೇರೆ ಪೆಟ್ಟಿಗೆಯಲ್ಲಿ. ಬೀಗದ ಕೈ ಹುಡುಗನ ಹತ್ತಿರ.

ಹೋದ ವಾರ ಮಾಲೂರಿನಿಂದ ಒಬ್ಬರು ಉಕ್ಕಿನ ಸುರುಳಿಯ ಲೋಡು ಕೇಳಿದರು. ದೊಡ್ಡ ಸುರುಳಿ, ನಿಲ್ಲಿಸಿ ಸಾಗಿಸಬೇಕಂತೆ. ಫೋಟೊ ತೆಗೆದುಕೊಂಡು ತಾತನ ಹತ್ತಿರ ಹೋದೆ. "ಜಾರುತ್ತಾ, ಮಗುಚುತ್ತಾ?" ಅಂತ ಈ ಸಲ ನಾನೇ ಕೇಳಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಎರಡೂ ಅಲ್ಲ ತಾಯಿ. ಇದು ಉರುಳುತ್ತೆ. ಚೈನು ಆಮೇಲೆ. ಮೊದಲು ತೊಟ್ಟಿಲು ಮಾಡಿಸು."

ತೊಟ್ಟಿಲಿನ ನಕ್ಷೆ ಈಗ ಬಾಡಿ ಕಟ್ಟುವವರ ಹತ್ತಿರ ಇದೆ. ಅದು ಮುಗಿಯುವವರೆಗೂ ಲೋಡು ಎತ್ತಲ್ಲ ಅಂತ ಮಾಲೂರಿನವರಿಗೆ ಹೇಳಿದ್ದೇನೆ.